ಖಂಡ ಸೀಳಿದಾಗ ತಗ್ಗುವ ನೆಲ, ಅದನ್ನು ತುಂಬುವ ಹೂಳು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಮಳೆಗಾಲ ಕಳೆದ ಮೇಲೆ ಕೊಡಗಿನಲ್ಲಿ ಎಲ್ಲಿ ಹೋದರೂ ನೆಲದ ಬಗ್ಗೆ ಮಾತು ಬರುತ್ತದೆ. ಶಾಲೆ-ಕಾಲೇಜಿನ ಮಕ್ಕಳು, ತೋಟದವರು, ಕಾವೇರಿ ಸಂಕ್ರಮಣಕ್ಕೆ ಬಂದವರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಪ್ರಶ್ನೆಗಳು ಆಫ್ರಿಕಾಕ್ಕೂ ಸೈಬೀರಿಯಾಕ್ಕೂ ಕರೆದುಕೊಂಡು ಹೋಗುತ್ತವೆ. ಆದರೆ ಕೊನೆಗೆ ನಮ್ಮ ಹೊಳೆಗಳ ಹತ್ತಿರವೇ ಬರುತ್ತೇವೆ. ಸೀಳು ಕಣಿವೆಯ ಕಥೆಯಲ್ಲಿ ಹೂಳು ತುಂಬಿಸಿಕೊಳ್ಳುವ ತಗ್ಗು ಒಂದಿದ್ದರೆ ಹೂಳು ಕೊಡುವ ಬೆಟ್ಟವೂ ಒಂದಿರಬೇಕು. ಕೊಡಗು ಕೊಡುವ ಕಡೆಯದು.

ಸೀಳು ಕಣಿವೆ ಎಂದರೆ ನದಿ ಕೊರೆದ ಕಣಿವೆಯೇ?

ಅಲ್ಲ. ನದಿ ಕೊರೆದ ಕಣಿವೆಯಲ್ಲಿ ಮಣ್ಣು-ಕಲ್ಲು ಹೊರಗೆ ಹೋಗಿರುತ್ತದೆ. ಸೀಳು ಕಣಿವೆಯಲ್ಲಿ ನೆಲವೇ ಕೆಳಗೆ ಇಳಿದಿರುತ್ತದೆ. ಭೂಕವಚವನ್ನು ಎರಡು ಕಡೆಗೆ ಎಳೆದಾಗ ಅದು ತೆಳ್ಳಗಾಗುತ್ತದೆ, ಮೇಲಿನ ಗಟ್ಟಿ ಭಾಗ ಓರೆಯಾಗಿ ಒಡೆಯುತ್ತದೆ, ಒಡೆದ ತುಂಡುಗಳು ಆ ಓರೆಯ ಮೇಲೆ ಜಾರಿ ತಗ್ಗುತ್ತವೆ. ಈ ಒಡಕುಗಳನ್ನು ಸ್ತರಭಂಗ ಎನ್ನುತ್ತೇವೆ. ತಗ್ಗಿದ ಪಟ್ಟಿ ಗ್ರಾಬೆನ್, ಎತ್ತರದಲ್ಲೇ ಉಳಿದದ್ದು ಹಾರ್ಸ್ಟ್. ನದಿ ಬರುವುದು ಆಮೇಲೆ. ಅದು ಇಲ್ಲಿ ಕೊರೆಯುವುದಕ್ಕಿಂತ ತುಂಬುವ ಕೆಲಸವನ್ನೇ ಹೆಚ್ಚು ಮಾಡುತ್ತದೆ.

ಅಷ್ಟು ದಪ್ಪದ ಖಂಡವನ್ನು ಎಳೆಯುವುದು ಯಾವುದು?

ಖಂಡಗಳ ಕೆಳಗಿನ ಕವಚ ಸಾಮಾನ್ಯವಾಗಿ 35ರಿಂದ 40 ಕಿ.ಮೀ. ದಪ್ಪ. ಅದರ ಕೆಳಗೆ ಮ್ಯಾಂಟಲ್ ಎಂಬ ಬಿಸಿ ಬಂಡೆಯ ದಪ್ಪ ಪದರವಿದೆ, ಅದರ ಮೇಲಿನ ಗಟ್ಟಿ ಭಾಗವೂ ಕವಚಕ್ಕೆ ಅಂಟಿಕೊಂಡಿದೆ. ದೂರದಲ್ಲಿ ಸಮುದ್ರತಳದ ಫಲಕವೊಂದು (ಭೂಮಿಯ ಹೊರಮೈಯ ಸರಿಯುವ ದೊಡ್ಡ ತುಂಡು) ಮ್ಯಾಂಟಲಿನೊಳಗೆ ಮುಳುಗುತ್ತಾ ಇಡೀ ಖಂಡವನ್ನು ತನ್ನ ಕಡೆಗೆ ಸೆಳೆಯಬಹುದು. ಅಥವಾ ಕೆಳಗಿನಿಂದ ಬಿಸಿ ಮ್ಯಾಂಟಲ್ ಉಕ್ಕಿ ಬಂದು ನೆಲವನ್ನು ಎತ್ತಿ, ಎತ್ತಿದ ನೆಲ ತನ್ನ ಭಾರಕ್ಕೇ ಎರಡು ಕಡೆ ಹರಡಲು ನೋಡಬಹುದು. ಪೂರ್ವ ಆಫ್ರಿಕಾದಲ್ಲಿ ಮುಖ್ಯವಾಗಿ ಎರಡನೆಯದು ಕೆಲಸ ಮಾಡುತ್ತಿದೆ. ಅಲ್ಲಿ ಎಳೆತದ ವೇಗ ವರ್ಷಕ್ಕೆ ಕೆಲವೇ ಮಿಲಿಮೀಟರು.

ಹಾಗೆಂದು ಪ್ರತಿ ವರ್ಷ ಒಂದೇ ಸಮನೆ ನಡೆಯುತ್ತದೆ ಎಂದುಕೊಳ್ಳಬೇಡಿ. ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ 2005ರ ಸೆಪ್ಟೆಂಬರಿನಲ್ಲಿ ಶಿಲಾಪಾಕ, ಅಂದರೆ ಕರಗಿದ ಬಂಡೆ, ನೆಲದಡಿಯಲ್ಲಿ ಗೋಡೆಯ ಹಾಗೆ ನುಗ್ಗಿ, ಸುಮಾರು 60 ಕಿ.ಮೀ. ಉದ್ದಕ್ಕೆ ನೆಲವನ್ನು ಕೆಲವೇ ವಾರಗಳಲ್ಲಿ ಅಗಲಿಸಿತು. ಕೆಲವು ಕಡೆ ಅಗಲಿಕೆ 8 ಮೀಟರಿನಷ್ಟಿತ್ತು. ನೂರಾರು ವರ್ಷ ಕೂಡಿಟ್ಟ ಎಳೆತ ಒಮ್ಮೆಲೇ ಬಿಡುಗಡೆಯಾದದ್ದು ಅದು.

ಎರಡೂ ಕಡೆಯ ನೆಲ ಸಮನಾಗಿ ಇಳಿಯುತ್ತದೆಯೇ?

ಪಠ್ಯಪುಸ್ತಕದ ಚಿತ್ರದಲ್ಲಿ ಹಾಗೇ ಇರುತ್ತದೆ: ಎರಡು ಬದಿ ಎರಡು ಗೋಡೆ, ನಡುವೆ ಚಪ್ಪಟೆ ತಳ. ನಿಜದ ಕಣಿವೆಗಳಲ್ಲಿ ಹೆಚ್ಚಿನವು ಒಂಟಿಗೋಡೆಯವು. ಒಂದು ಬದಿಯಲ್ಲಿ ದೊಡ್ಡ ಸ್ತರಭಂಗ, ಅದರ ಬುಡದಲ್ಲಿ ಅತಿ ಆಳ. ಇನ್ನೊಂದು ಬದಿಗೆ ತಳ ನಿಧಾನವಾಗಿ ಏರುತ್ತಾ ಹೋಗುತ್ತದೆ. ಇದನ್ನು ಅರೆ ಗ್ರಾಬೆನ್ ಎನ್ನುತ್ತಾರೆ. 650 ಕಿ.ಮೀ.ಗೂ ಉದ್ದವಿರುವ ಪೂರ್ವ ಆಫ್ರಿಕಾದ ಟ್ಯಾಂಗನೀಕಾ ಸರೋವರದ ಕೆಳಗೆ ಇಂಥ ಅರೆ ಗ್ರಾಬೆನ್‌ಗಳ ಸಾಲೇ ಇದೆ. ಒಂದರ ಗೋಡೆ ಪೂರ್ವಕ್ಕಿದ್ದರೆ ಮುಂದಿನದರ ಗೋಡೆ ಪಶ್ಚಿಮಕ್ಕೆ.

ಹೂಳಿನ ಲೆಕ್ಕ ಇಡೀ ಈ ಓರೆಯ ಮೇಲೆ ನಿಂತಿದೆ. ದೊಡ್ಡ ಸ್ತರಭಂಗದ ಕಡೆ ನೆಲ ಇಳಿಯುವಾಗ ಅದರ ಹಿಂದಿನ ಅಂಚು ಮೇಲಕ್ಕೇಳುತ್ತದೆ. ಎದ್ದ ಅಂಚು ಕಣಿವೆಯ ಕಡೆಗೆ ಕಡಿದಾಗಿರುತ್ತದೆ, ಹಿಂಬದಿಗೆ ಇಳಿಜಾರಾಗಿರುತ್ತದೆ. ಅಲ್ಲಿ ಬಿದ್ದ ಮಳೆಯ ಹೆಚ್ಚಿನ ಪಾಲು ಕಣಿವೆಗೆ ಬೆನ್ನು ಹಾಕಿ ಹರಿದುಹೋಗುತ್ತದೆ. ಕಣಿವೆಯ ಕಡೆಗೆ ಇಳಿಯುವುದು ಗಿಡ್ಡ, ರಭಸದ ತೋಡುಗಳು ಮಾತ್ರ. ಆದ್ದರಿಂದ ಅತಿ ಎತ್ತರದ ಬೆಟ್ಟ ಪಕ್ಕದಲ್ಲೇ ಇದ್ದರೂ ಹೂಳಿನ ದೊಡ್ಡ ಪಾಲು ಬರುವುದು ಎದುರಿನ ಇಳಿಜಾರಿನಿಂದ, ಮತ್ತು ಕಣಿವೆಯ ಉದ್ದಕ್ಕೆ ತಲೆಯ ಕಡೆಯಿಂದ ಒಳಬರುವ ನದಿಯಿಂದ. ಟ್ಯಾಂಗನೀಕಾಕ್ಕೆ ಉತ್ತರದಿಂದ ರುಸಿಜಿ ನದಿ ಬರುವುದು ಹಾಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ತಲಕಾವೇರಿಗೆ ಬಂದಾಗ ಬೇಕಾಗುತ್ತದೆ.

2018ರಲ್ಲಿ ನಮ್ಮ ಗುಡ್ಡಗಳಲ್ಲಿ ಬಿಟ್ಟ ಬಿರುಕು ಇದೇನಾ? ಕೊಡಗು ಸೀಳುತ್ತಿದೆಯೇ?

ಇಲ್ಲ. ಇದನ್ನು ಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ಈ ಭಯದಿಂದ ಮನೆ-ತೋಟ ಮಾರಲು ಹೊರಟವರನ್ನು ನೋಡಿದ್ದೇನೆ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಆ ಆಗಸ್ಟಿನಲ್ಲಿ ಜಾರಿದ್ದು ಮೇಲಿನ ಮಣ್ಣಿನ ಹೊದಿಕೆ. ಸಾವಿರಾರು ವರ್ಷ ಮಳೆಗೆ ಕೊಳೆತು ಮೆತ್ತಗಾದ ಬಂಡೆಯ ಪದರ ನೀರು ಕುಡಿದು ಭಾರವಾಯಿತು. ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಬುಡ ಕಡಿದ ಬರೆಗಳಿಗೆ ಆ ಭಾರ ತಡೆಯಲಾಗಲಿಲ್ಲ. ಆ ಬಿರುಕುಗಳ ಆಳ ಮೀಟರುಗಳಲ್ಲಿ ಅಳೆಯುವಂಥದ್ದು. ಖಂಡದ ಸೀಳು ಇಳಿಯುವುದು ಹತ್ತಾರು ಕಿಲೋಮೀಟರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದದ್ದೂ ಗುಡ್ಡ ಕುಸಿತವೇ.

ಆದರೆ ಜಾರಿದ ಮಣ್ಣು ಕೆಳಗೆ ಹೋಗಿ ಹೇಗೆ ನಿಂತಿತು ಎಂದು ನೋಡಿದವರು ಸೀಳು ಕಣಿವೆಯ ಒಂದು ಪಾಠವನ್ನು ಕಣ್ಣಾರೆ ಕಂಡಿದ್ದಾರೆ. ಕೊಲ್ಲಿಯ (ಬೆಟ್ಟದ ತೊರೆಯ ಕಮರಿಯ) ಬಾಯಿಯಲ್ಲಿ, ಇಳಿಜಾರು ಒಮ್ಮೆಲೇ ಕಡಿಮೆಯಾಗುವ ಕಡೆ, ಆಳೆತ್ತರದ ಬಂಡೆಗಳು ಮೊದಲು ನಿಂತವು. ಅದರಾಚೆ ಮುಷ್ಟಿಗಾತ್ರದ ಕಲ್ಲು, ಆಮೇಲೆ ಮರಳು, ಗದ್ದೆಯ ತುದಿಯಲ್ಲಿ ಕೆಸರು. ಮೇಲಿನಿಂದ ನೋಡಿದರೆ ಬೀಸಣಿಗೆಯ ಆಕಾರ. ಸ್ತರಭಂಗದ ಗೋಡೆಯ ಬುಡದಲ್ಲಿ ಇದೇ ಬೀಸಣಿಗೆ ಒಂದರ ಮೇಲೊಂದು ಲಕ್ಷಾಂತರ ವರ್ಷ ಬೀಳುತ್ತಾ ಹೋಗುತ್ತದೆ. ಕೊಳವೆಬಾವಿ ಕೊರೆದಾಗ ಉಂಡೆಕಲ್ಲುಗಳು ಗಟ್ಟಿಯಾದ ಪದರ ಸಿಕ್ಕರೆ ಹಳೆಯ ಗೋಡೆ ಹತ್ತಿರದಲ್ಲೇ ಇತ್ತು ಎಂದು ತಿಳಿಯುವುದು ಹೀಗೆ.

ಹೂಳು ಯಾವ ಕ್ರಮದಲ್ಲಿ ತುಂಬುತ್ತದೆ?

ಮೊದಲಿಗೆ ಸ್ತರಭಂಗಗಳು ಚಿಕ್ಕವು, ಚದುರಿದವು. ಅಲ್ಲಲ್ಲಿ ಸಣ್ಣ ತಗ್ಗು, ಅವುಗಳ ನಡುವೆ ನದಿಗಳು ತಮ್ಮ ಹಳೆಯ ದಾರಿಯಲ್ಲೇ ಹರಿಯುತ್ತಿರುತ್ತವೆ. ತಗ್ಗು ಇಳಿದಷ್ಟೂ ನದಿ ತುಂಬುತ್ತದೆ. ಆದ್ದರಿಂದ ಅಡಿಯಲ್ಲಿ ಸಿಗುವುದು ನದಿಯ ಮರಳು, ಜಲ್ಲಿ, ಆಳವಿಲ್ಲದ ಕೆರೆಯ ಕೆಸರು.

ಆಮೇಲೆ ಚಿಕ್ಕ ಸ್ತರಭಂಗಗಳು ಉದ್ದವಾಗುತ್ತಾ ಒಂದನ್ನೊಂದು ಸೇರುತ್ತವೆ. ಎಳೆತವೆಲ್ಲ ಒಂದೆರಡು ದೊಡ್ಡ ಸ್ತರಭಂಗಗಳ ಮೇಲೇ ಬೀಳುತ್ತದೆ, ತಳ ವೇಗವಾಗಿ ಇಳಿಯುತ್ತದೆ, ಹೂಳು ಹಿಂದೆ ಬೀಳುತ್ತದೆ. ಉಳಿದ ಜಾಗದಲ್ಲಿ ನೀರು ನಿಂತು ಆಳವಾದ ಸರೋವರವಾಗುತ್ತದೆ. ತಳದಲ್ಲಿ ಗಾಳಿ ಆಡದ ಕಡೆ ಪಾಚಿ ಸತ್ತು ಬಿದ್ದು, ಕೊಳೆಯದೆ ಉಳಿದು, ಕಪ್ಪು ಜೇಡಿಯಾಗುತ್ತದೆ. ಲೋಕದ ಎಷ್ಟೋ ಎಣ್ಣೆ ಬಾವಿಗಳ ಮೂಲ ಇಂಥ ಕಪ್ಪು ಜೇಡಿ. ದಂಡೆಯ ಮರಳು ಆಗಾಗ ಕೆಸರುನೀರಾಗಿ ಕುಸಿದು ಆ ಜೇಡಿಯ ಮೇಲೆ ಹರಡುತ್ತದೆ.

ಮೂರನೆಯ ಹಂತದಲ್ಲಿ ಹೂಳು ಗೆಲ್ಲುತ್ತದೆ. ಸರೋವರ ಆಳ ಕಳೆದುಕೊಳ್ಳುತ್ತದೆ, ನದಿ ಮತ್ತೆ ಮೇಲೆ ಹರಿಯುತ್ತದೆ. ಒಂದು ಸರೋವರ ತುಂಬಿ ಮುಂದಿನದಕ್ಕೆ ಹೊರಳುವುದು ನಮ್ಮ ಮೆಟ್ಟಿಲು ಗದ್ದೆಗಳ ಹಾಗೆ: ಮೇಲಿನ ಗದ್ದೆ ಏರಿಯವರೆಗೆ ತುಂಬದೆ ಕೆಳಗಿನದಕ್ಕೆ ನೀರಿಲ್ಲ, ಕೆಸರಂತೂ ಮೇಲಿನದರಲ್ಲೇ ನಿಂತುಬಿಡುತ್ತದೆ. ಹೀಗಾಗಿ ಒಂದೇ ಸಾಲಿನ ಎರಡು ತಗ್ಗುಗಳಲ್ಲಿ ಒಂದು ಮರಳಿನಿಂದ ತುಂಬಿ, ಇನ್ನೊಂದು ತಿಳಿನೀರು ಹೊತ್ತು ಆಳವಾಗಿಯೇ ಉಳಿದಿರಬಹುದು.

ಮಳೆಯ ಪಾಲೂ ಇದೆ. ಪೂರ್ವ ಆಫ್ರಿಕಾದ ಮಲಾವಿ ಸರೋವರದ ತಳ ಕೊರೆದು ನೋಡಿದಾಗ, ಸುಮಾರು ಒಂದು ಲಕ್ಷ ವರ್ಷಗಳ ಹಿಂದಿನ ಭೀಕರ ಬರಗಾಲಗಳಲ್ಲಿ ಅದರ ನೀರು 500 ಮೀಟರಿಗೂ ಹೆಚ್ಚು ಇಳಿದಿತ್ತೆಂದು ಗೊತ್ತಾಯಿತು. ಕೀನ್ಯಾದ ಮಗಾಡಿ ಸರೋವರದಲ್ಲಿ ಇಂದಿಗೂ ನೀರು ಆವಿಯಾಗಿ ಸೋಡಾ ಉಪ್ಪು ಹೆಪ್ಪುಗಟ್ಟುತ್ತದೆ.

ಸೈಬೀರಿಯಾದ ಬೈಕಲ್ ಸರೋವರದ ಆಳ ಒಂದೂವರೆ ಕಿಲೋಮೀಟರು, ಅದರಡಿಯ ಹೂಳು ಏಳು ಕಿಲೋಮೀಟರು ಎನ್ನುತ್ತಾರೆ. ಅಷ್ಟು ಆಳದ ಹಳ್ಳ ಎಂದಾದರೂ ಇತ್ತೇ?

ಇರಲಿಲ್ಲ. ನನ್ನ ಪ್ರಕಾರ ಈ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಬೈಕಲ್‌ನ ನೀರಿನ ಆಳ 1,642 ಮೀಟರು, ಅದರ ಕೆಳಗೆ ಏಳು ಕಿ.ಮೀ.ನಷ್ಟು ಹೂಳು, ವಯಸ್ಸು ಎರಡೂವರೆ ಕೋಟಿ ವರ್ಷಕ್ಕೂ ಹೆಚ್ಚು. ಎಂಟೊಂಬತ್ತು ಕಿ.ಮೀ. ಆಳದ ಖಾಲಿ ಹಳ್ಳ ಮೊದಲು ತಯಾರಾಗಿ, ಆಮೇಲೆ ಹೂಳು ಬಂದು ತುಂಬಲಿಲ್ಲ. ತಳ ಇಳಿಯುತ್ತಲೇ ಇತ್ತು, ಹೂಳು ಬೀಳುತ್ತಲೇ ಇತ್ತು. ಹೂಳಿನ ದಪ್ಪ ಹೇಳುವುದು ನೆಲ ಒಟ್ಟು ಎಷ್ಟು ಇಳಿಯಿತು ಎಂಬುದನ್ನು. ನೀರಿನ ಆಳ ಹೇಳುವುದು ಆ ಓಟದಲ್ಲಿ ಹೂಳು ಈಗ ಎಷ್ಟು ಹಿಂದೆ ಇದೆ ಎಂಬುದನ್ನು ಮಾತ್ರ.

ಇನ್ನೂ ಒಂದಿದೆ. ಹೂಳಿಗೂ ಭಾರವಿದೆ, ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು. ಕವಚ ಕೆಳಗಿನ ಮ್ಯಾಂಟಲಿನ ಮೇಲೆ ತೇಲುತ್ತಿರುವುದರಿಂದ ಭಾರ ಬಿದ್ದಷ್ಟೂ ತಗ್ಗುತ್ತದೆ. ಒಂದು ಕಿ.ಮೀ. ಆಳದ ನೀರಿರುವ ತಗ್ಗನ್ನು ಹೂಳಿನಿಂದ ತುಂಬಲು ಹೊರಟರೆ, ತುಂಬುವಷ್ಟರಲ್ಲಿ ಎರಡು ಕಿ.ಮೀ.ಗೂ ಮಿಕ್ಕಿ ಹೂಳು ಹಿಡಿಸಿರುತ್ತದೆ. ಮೇಲಿನ ಭಾರಕ್ಕೆ ಅಡಿಯ ಕೆಸರು ಹಿಂಡಿಕೊಳ್ಳುವುದು ಬೇರೆ. ಹೊಸದಾಗಿ ಬಿದ್ದ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಮೂರ್ನಾಲ್ಕು ಕಿ.ಮೀ. ಕೆಳಗೆ ಆ ನೀರಿನ ಬಹುಪಾಲು ಹಿಂಡಿ ಹೋಗಿ ಜೇಡಿಗಲ್ಲು ಉಳಿಯುತ್ತದೆ.

ಎಳೆತ ನಿಂತ ಮೇಲೆ ಇಳಿಯುವುದೂ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಕವಚ ತೆಳ್ಳಗಾದ ಕಡೆ ಬಿಸಿ ಮ್ಯಾಂಟಲ್ ಮೇಲೆ ಬಂದಿರುತ್ತದೆ. ಎಳೆತ ನಿಂತ ಮೇಲೆ ಅದು ನಿಧಾನವಾಗಿ ಆರುತ್ತದೆ, ಆರಿದಷ್ಟೂ ಕುಗ್ಗಿ ಭಾರವಾಗುತ್ತದೆ, ನೆಲ ಮತ್ತೆ ತಗ್ಗುತ್ತದೆ. ಇದನ್ನು 1978ರಲ್ಲಿ ಭೂವಿಜ್ಞಾನಿ ಡಾನ್ ಮೆಕೆಂಜಿ ಲೆಕ್ಕ ಹಾಕಿ ತೋರಿಸಿದರು. ಮೊದಲ ಕೆಲವು ಕೋಟಿ ವರ್ಷ ಇಳಿತ ಜೋರು, ಆಮೇಲೆ ಮಂದ. ಹತ್ತು ಕೋಟಿ ವರ್ಷ ಕಳೆದರೂ ಸ್ವಲ್ಪ ಉಳಿದಿರುತ್ತದೆ.

ಈ ಎರಡನೆಯ ಇಳಿತಕ್ಕೆ ಸ್ತರಭಂಗಗಳ ಗೊಡವೆಯಿಲ್ಲ. ಅಗಲವಾದ ಪ್ರದೇಶ ಒಟ್ಟಿಗೆ ಬಾಗುತ್ತದೆ, ಹೂಳು ಹಳೆಯ ಗೋಡೆಗಳನ್ನೂ ದಾಟಿ ಆಚೆಗೆ ಹರಡುತ್ತದೆ. ಅಡ್ಡ ಸೀಳಿ ನೋಡಿದರೆ ಕೆಳಗೆ ಕಿರಿದಾದ, ಓರೆಯಾದ, ಗೋಡೆಯ ಕಡೆ ದಪ್ಪಗಾದ ಪದರಗಳು, ಅವುಗಳ ಮೇಲೆ ಅಗಲವಾದ, ಸಮತಟ್ಟಾದ ಪದರಗಳು. ಎಣ್ಣೆ ಹುಡುಕುವವರು ಮೊದಲು ನೋಡುವುದೇ ಈ ಎರಡರ ನಡುವಿನ ಗೆರೆಯನ್ನು.

ಎಲ್ಲ ಸೀಳೂ ಸಮುದ್ರವಾಗುತ್ತದೆಯೇ?

ಬಹಳಷ್ಟು ಅರ್ಧಕ್ಕೇ ನಿಲ್ಲುತ್ತವೆ. ಪೂರ್ತಿ ಸೀಳಿದರೆ ಮೊದಲು ಸಮುದ್ರ ಆಗಾಗ ಒಳಗೆ ನುಗ್ಗಿ ಒಣಗುತ್ತದೆ, ದಪ್ಪ ಉಪ್ಪು ಕೂರುತ್ತದೆ. ಇಥಿಯೋಪಿಯಾದ ದನಾಕಿಲ್ ತಗ್ಗಿನಲ್ಲಿ ಇಂದಿಗೂ ಜನ ಆ ಉಪ್ಪನ್ನು ಹಲಗೆ ಹಲಗೆಯಾಗಿ ಕಡಿದು ಒಂಟೆಗಳ ಮೇಲೆ ಸಾಗಿಸುತ್ತಾರೆ. ಕೆಂಪು ಸಮುದ್ರ ಆ ಹಂತ ದಾಟಿ ಹೊಸ ಸಾಗರವಾಗಿದೆ.

ಅರ್ಧಕ್ಕೆ ನಿಂತದ್ದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಗೋದಾವರಿ ಮತ್ತು ದಾಮೋದರ್ ಕಣಿವೆಗಳ ಗೊಂಡ್ವಾನ ತಗ್ಗುಗಳು (ಭಾರತ, ಅಂಟಾರ್ಕ್ಟಿಕಾ ಮೊದಲಾದವು ಒಂದಾಗಿದ್ದ ಹಳೆಯ ಮಹಾಖಂಡವೇ ಗೊಂಡ್ವಾನ). ಸುಮಾರು 30 ಕೋಟಿ ವರ್ಷಗಳ ಹಿಂದೆ ಅವು ಇಳಿಯತೊಡಗಿದಾಗ ಇಲ್ಲೆಲ್ಲ ಹಿಮನದಿಗಳಿದ್ದವು. ಅಡಿಯ ಪದರದಲ್ಲಿ ಹಿಮ ಉರುಳಿಸಿ ತಂದ ಬಂಡೆಗಳು ಇಂದಿಗೂ ಇವೆ. ಹಿಮ ಕರಗಿ ಜೌಗು ಕಾಡು ಬೆಳೆದಾಗ ನೆಲ ಇಳಿಯುವ ವೇಗ ಮತ್ತು ಎಲೆ-ಮರ ಬಿದ್ದು ಕೂಡುವ ವೇಗ ಬಹುಕಾಲ ಸರಿಸಮವಾಗಿ ನಡೆದವು. ದಪ್ಪ ಕಲ್ಲಿದ್ದಲಿಗೆ ಈ ಸರಿಸಮವೇ ಬೇಕು. ನೆಲ ಬೇಗ ಇಳಿದರೆ ಕಾಡು ಮುಳುಗುತ್ತದೆ, ನಿಧಾನವಾದರೆ ಬಿದ್ದದ್ದೆಲ್ಲ ಗಾಳಿಗೆ ಕೊಳೆತುಹೋಗುತ್ತದೆ. ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ ಬರುವ ಸಿಂಗರೇಣಿ ಕಲ್ಲಿದ್ದಲು ಆ ಗೋದಾವರಿ ತಗ್ಗಿನದು.

ಹಾಗಾದರೆ ಕೊಡಗಿಗೂ ಇದಕ್ಕೂ ಏನು ಸಂಬಂಧ?

ಕೊಡಗಿನ ಬಂಡೆ ಬಹಳ ಹಳೆಯದು. ಚಾರ್ನೊಕೈಟ್, ನೈಸ್ ಮೊದಲಾದ ಇಲ್ಲಿನ ಕಲ್ಲುಗಳಿಗೆ 300 ಕೋಟಿ ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಅವು ರೂಪುಗೊಂಡದ್ದು ಕವಚದ ಆಳದಲ್ಲಿ, ಭಾರಿ ಬಿಸಿಯಲ್ಲಿ. ಅಂಥ ಕಲ್ಲು ಇಂದು ನಮ್ಮ ಕಾಲಡಿ ಇದೆ ಎಂದರೆ ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ಬಂಡೆ ಸವೆದು ಬೇರೆಲ್ಲಿಗೋ ಹೂಳಾಗಿ ಹೋಗಿದೆ. ಕೊಡಗಿನಲ್ಲಿ ಸೀಳು ತಗ್ಗಿನ ದಪ್ಪ ಕಣಶಿಲೆಗಳಿಲ್ಲ.

ಸೀಳು ಆದದ್ದು ನಮ್ಮ ಪಶ್ಚಿಮಕ್ಕೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಕಾಲದ ಜ್ವಾಲಾಮುಖಿಯವು. ಅದಾದ ಮೇಲೆ, ಸುಮಾರು 6.3 ಕೋಟಿ ವರ್ಷಗಳ ಹಿಂದೆ, ಉತ್ತರಕ್ಕೆ ಸೆಶೆಲ್ಸ್ ಕಡಿದುಕೊಂಡು ಹೋಯಿತು. ಸಹ್ಯಾದ್ರಿಯ ಪಶ್ಚಿಮದ ಕಡಿದಾದ ಮುಖ ಈ ಸೀಳಿನ ಅಂಚಿನಿಂದ ಹುಟ್ಟಿ, ಮಳೆಗೆ ಸವೆಯುತ್ತಾ ಒಳನಾಡಿನ ಕಡೆಗೆ ಹಿಂದೆ ಸರಿದದ್ದು ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ. ಬೆಟ್ಟ ಯಾವಾಗ ಎಷ್ಟು ಎದ್ದಿತು ಎಂಬ ಬಗ್ಗೆ ಅವರಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ.

ತಲಕಾವೇರಿಯಿಂದ ಅರಬ್ಬೀ ಸಮುದ್ರ ಅಷ್ಟು ಹತ್ತಿರವಿದ್ದರೂ ಕಾವೇರಿ ಏಕೆ ಪೂರ್ವಕ್ಕೆ ಹೋಗುತ್ತಾಳೆ?

ಪುರಾಣದ ಉತ್ತರ ನಮಗೆಲ್ಲ ಗೊತ್ತು, ಅದಕ್ಕೆ ನಾನೂ ಕೈಮುಗಿಯುತ್ತೇನೆ. ನೆಲದ ಉತ್ತರ ಇದು. ಸೀಳಿನ ಅಂಚು ಎದ್ದಾಗ ಹಿಂಬದಿ ಇಳಿಜಾರಾಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅದೇ. ಸುಮಾರು 1,276 ಮೀಟರ್ ಎತ್ತರದ ತಲಕಾವೇರಿಯಿಂದ ಪಶ್ಚಿಮ ಕರಾವಳಿ ಐವತ್ತು ಕಿ.ಮೀ. ಆಸುಪಾಸಿನಲ್ಲಿದೆ. ಕಾವೇರಿ ಮಾತ್ರ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಪಶ್ಚಿಮದ ಕಡಿದಾದ ಮುಖದಲ್ಲಿ ಇಳಿಯುವ ಬರಪೊಳೆ, ಪಯಸ್ವಿನಿಗಳು ಗಿಡ್ಡ ದಾರಿಯಲ್ಲಿ ಕೇರಳದ ಕಡಲಿಗೆ ಮುಟ್ಟುತ್ತವೆ. ಒಂದೇ ಮಳೆಮೋಡದ ನೀರು ಬೆಟ್ಟದ ನೆತ್ತಿಯಲ್ಲಿ ಎರಡಾಗಿ, ಎರಡು ಸಮುದ್ರಗಳಿಗೆ ಕೊಡಗಿನ ಮಣ್ಣನ್ನು ಒಯ್ಯುತ್ತದೆ.

ಕಾವೇರಿ ಒಯ್ದ ಮಣ್ಣು ಕೊನೆಗೆ ಎಲ್ಲಿ ನಿಲ್ಲುತ್ತದೆ?

ಇನ್ನೊಂದು ಹಳೆಯ ಸೀಳಿನ ಮೇಲೆ. ತಂಜಾವೂರು, ನಾಗಪಟ್ಟಣದ ಗದ್ದೆಬಯಲಿನ ಅಡಿಯಲ್ಲಿ ಕಾವೇರಿ ಜಲಾನಯನದ ಸೀಳು ತಗ್ಗುಗಳಿವೆ. ಗೊಂಡ್ವಾನ ಒಡೆದು ಅಂಟಾರ್ಕ್ಟಿಕಾ ಭಾರತದ ಪೂರ್ವ ಅಂಚಿನಿಂದ ಬಿಡಿಸಿಕೊಂಡಾಗ, ಡೈನೊಸಾರ್‌ಗಳಿದ್ದ ಜುರಾಸಿಕ್‌ ಯುಗದ ಕೊನೆ ಮತ್ತು ಅದರ ಮುಂದಿನ ಕ್ರಿಟೇಷಿಯಸ್ ಯುಗದ ಮೊದಲ ಭಾಗದಲ್ಲಿ, ಅಲ್ಲಿ ನೆಲ ಸಾಲು ಸಾಲಾಗಿ ತಗ್ಗಿತು. ಅರಿಯಲೂರು-ಪುದುಚೇರಿ, ತರಂಗಂಬಾಡಿ, ತಂಜಾವೂರು, ನಾಗಪಟ್ಟಣ ಎಂದು ತಗ್ಗುಗಳ ಹೆಸರು, ನಡುವೆ ಕುಂಭಕೋಣದಂಥ ಹಳೆಯ ಬಂಡೆಯ ದಿಬ್ಬಗಳು. ಆಳದ ಕಡೆ ಹೂಳು ಐದು ಕಿ.ಮೀ. ದಾಟುತ್ತದೆ. ಅಡಿಯ ಹೂಳು ಪಕ್ಕದ ದಿಬ್ಬಗಳಿಂದಲೇ ಬಿದ್ದದ್ದು, ಆಮೇಲೆ ಸಮುದ್ರ ಬಂದಿತು, ಕಾವೇರಿಯ ಮುಖಜಭೂಮಿ ಎಲ್ಲಕ್ಕಿಂತ ಮೇಲಿನ ಹೊದಿಕೆ. ನರಿಮಣಂನಲ್ಲಿ ಒಎನ್‌ಜಿಸಿ ತೆಗೆಯುವ ಎಣ್ಣೆ ಈ ಹೂಳಿನದು.

ಮಳೆ ನಿಂತ ಮೇಲೆ ಕುಶಾಲನಗರದ ಹತ್ತಿರ ಕಾವೇರಿಯ ದಂಡೆಯಲ್ಲಿ ಒಂದು ಹಿಡಿ ಮರಳು ತೆಗೆದು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಹೆಚ್ಚಿನದು ಗಾಜಿನಂಥ ಬೆಣಚುಕಲ್ಲಿನ ಚೂರು. ನಡುವೆ ಕಪ್ಪು ಕಣಗಳು, ಅವುಗಳಲ್ಲಿ ಕೆಲವು ಆಯಸ್ಕಾಂತಕ್ಕೆ ಅಂಟುತ್ತವೆ. ಕಣ್ಣು ಕಿರಿದಾಗಿಸಿ ಹುಡುಕಿದರೆ ತಿಳಿಗೆಂಪು ಗಾರ್ನೆಟ್ ಚೂರೂ ಸಿಗಬಹುದು. ಇವೆಲ್ಲ ನಮ್ಮ ಬೆಟ್ಟದ ಬಂಡೆಯಿಂದ ಬಿಡಿಸಿಕೊಂಡವು. ಮರಳಿನಲ್ಲಿರುವ ಜಿರ್ಕಾನ್ ಎಂಬ ಗಟ್ಟಿ ಕಣದೊಳಗಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು, ಅದು ಹುಟ್ಟಿದ ಬಂಡೆಯ ವಯಸ್ಸು ಹೇಳುತ್ತಾರೆ. ಸಾವಿರಾರು ಮೀಟರ್ ಆಳದ ಮರಳುಗಲ್ಲು ಯಾವ ಬೆಟ್ಟದಿಂದ ಬಂತೆಂದು ಗುರುತಿಸುವ ದಾರಿಗಳಲ್ಲಿ ಇದು ಬಹಳ ನಂಬಿಕಸ್ತವಾದದ್ದು.

ಅಣೆಕಟ್ಟುಗಳು ಈ ಹೂಳನ್ನು ತಡೆಯುವುದಿಲ್ಲವೇ?

ತಡೆಯುತ್ತವೆ. ಹಾರಂಗಿ, ಕೆಆರ್‌ಎಸ್, 1934ರಲ್ಲಿ ಮುಗಿದ ಮೆಟ್ಟೂರು, ಪ್ರತಿಯೊಂದೂ ಮರಳನ್ನು ಹಿಡಿದಿಡುತ್ತದೆ. ಮುಖಜಭೂಮಿಯ ಅಡಿಯ ಕೆಸರು ಹಿಂಡಿಕೊಂಡು ಇಳಿಯುವುದು ಮಾತ್ರ ನಿಂತಿಲ್ಲ. ಇಳಿಯುವ ನೆಲಕ್ಕೆ ಹೊಸ ಹೂಳು ಬಾರದಿದ್ದರೆ ಸಮುದ್ರ ಒಳಗೆ ಬರುತ್ತದೆ. ತೋಟದ ಮೇಲ್ಮಣ್ಣು ಕೊಚ್ಚಿಹೋಗದಂತೆ ನಾವು ಕಾಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನದಿಯ ಸಹಜ ಮರಳು ನದಿಯಲ್ಲೇ ಇರಬೇಕು. ಅಕ್ರಮವಾಗಿ ಲಾರಿಗಟ್ಟಲೆ ಎತ್ತುವುದು ಕೆಳಗಿನವರ ನೆಲವನ್ನು ಕಸಿದ ಹಾಗೆ.

2022ರ ಕಂಪನಗಳಿಗೆ ಸೀಳು ಕಾರಣವೇ?

ಚೆಂಬು, ಕರಿಕೆ, ಸುಳ್ಯದ ಕಡೆ ಆ ಜೂನ್ ಕೊನೆಯಲ್ಲಿ ಆದವು 3ರ ಆಸುಪಾಸಿನ ತೀವ್ರತೆಯ ಸಣ್ಣ ಕಂಪನಗಳು. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರ-ಈಶಾನ್ಯಕ್ಕೆ ಸರಿಯುತ್ತಾ ಏಷ್ಯಾವನ್ನು ಒತ್ತುತ್ತಿದೆ. ಅಂದರೆ ನಮ್ಮ ನೆಲದ ಮೇಲೆ ಇರುವುದು ಒತ್ತಡ, ಸೀಳುವ ಎಳೆತವಲ್ಲ. ಹಳೆಯ ಒಡಕುಗಳು ಆ ಒತ್ತಡಕ್ಕೆ ಆಗಾಗ ಸ್ವಲ್ಪ ಜರುಗುತ್ತವೆ.

ಕಿಲೋಮೀಟರುಗಳ ಕೆಳಗಿರುವುದನ್ನು ಹೇಗೆ ನೋಡುತ್ತಾರೆ?

ನೆಲದ ಮೇಲೆ ಅಥವಾ ಹಡಗಿನಿಂದ ಸದ್ದಿನ ಅಲೆ ಕಳಿಸಿ, ಪದರಗಳಿಂದ ಮರಳುವ ಪ್ರತಿಧ್ವನಿಯನ್ನು ಹಿಡಿದು ಅಡ್ಡ ಸೀಳಿದಂಥ ಚಿತ್ರ ಮಾಡುತ್ತಾರೆ. ಅದರಲ್ಲಿ ಪದರ ಸ್ತರಭಂಗದ ಕಡೆಗೆ ದಪ್ಪವಾಗುತ್ತಾ ಹೋದರೆ, ಆ ಹೂಳು ಬೀಳುವಾಗಲೇ ನೆಲ ಇಳಿಯುತ್ತಿತ್ತು. ಎಲ್ಲ ಕಡೆ ಒಂದೇ ದಪ್ಪವಿದ್ದು ಒಟ್ಟಿಗೆ ಕತ್ತರಿಸಿದ ಹಾಗಿದ್ದರೆ ಸ್ತರಭಂಗ ಆಮೇಲೆ ಬಂದದ್ದು. ಹೂಳು ಬಂಡೆಗಿಂತ ಹಗುರ, ಆದ್ದರಿಂದ ತುಂಬಿದ ತಗ್ಗಿನ ಮೇಲೆ ಗುರುತ್ವ ಒಂದಿಷ್ಟು ಕಡಿಮೆ ಇರುತ್ತದೆ. ಕೊನೆಗೆ ಬಾವಿ ಕೊರೆದು ಕಲ್ಲು, ಪರಾಗ, ಸೂಕ್ಷ್ಮಜೀವಿಗಳ ಚಿಪ್ಪು ನೋಡಿ ಖಚಿತ ಮಾಡಿಕೊಳ್ಳುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಹತ್ತಿರದಲ್ಲಿ ಏನಿದೆ?

ಮೊದಲು ಮಲ್ಪೆಗೆ ಹೋಗಿ. ಸೇಂಟ್ ಮೇರೀಸ್‌ಗೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಹಾಗಾಗಿ ಡಿಸೆಂಬರ್-ಜನವರಿ ಒಳ್ಳೆಯದು. ಕಂಬಗಳ ತಲೆಯ ಮೇಲೆ ನಿಂತು ಐದು ಮುಖ, ಆರು ಮುಖ ಎಂದು ಮಕ್ಕಳೇ ಎಣಿಸಲಿ. ಲಾವಾ ಆರಿ ಕುಗ್ಗುವಾಗ ಹಾಗೆ ಒಡೆದದ್ದು. ಎರಡು ದಿನ ಬಿಡುವಿದ್ದರೆ ತಿರುಚ್ಚಿಯ ಆಚೆ ಅರಿಯಲೂರಿನ ಕಡೆಗೆ ಹೋಗಬಹುದು. ಅಲ್ಲಿ ಸೀಳು ತಗ್ಗಿನ ಪಶ್ಚಿಮದ ಅಂಚು ನೆಲದ ಮೇಲೇ ಕಾಣುತ್ತದೆ. ಸಮುದ್ರದಲ್ಲಿ ಬದುಕಿದ್ದ ಸುರುಳಿ ಚಿಪ್ಪಿನ ಅಮೊನೈಟ್‌ಗಳ ಪಳೆಯುಳಿಕೆಗೆ ಆ ಸುತ್ತಮುತ್ತಲ ಹಳ್ಳಿಗಳು ಹೆಸರಾಗಿವೆ. ಸಾತನೂರಿನಲ್ಲಿ 18 ಮೀಟರ್ ಉದ್ದದ, ಕಲ್ಲಾದ ಮರದ ಕಾಂಡವಿದೆ. ಸಿಮೆಂಟ್ ಕಾರ್ಖಾನೆಗಳ ಸುಣ್ಣಕಲ್ಲಿನ ಕ್ವಾರಿಗಳೊಳಗೆ ಅನುಮತಿಯಿಲ್ಲದೆ ಇಳಿಯಬೇಡಿ, ರಸ್ತೆಬದಿಯಲ್ಲೇ ನೋಡಲು ಬೇಕಾದಷ್ಟಿದೆ. ಪಳೆಯುಳಿಕೆ ಕಂಡರೆ ಫೋಟೋ ತೆಗೆಯಿರಿ, ಕಲ್ಲನ್ನು ಅಲ್ಲೇ ಬಿಡಿ.